ತೀರ್ಪಿನ ತಪ್ಪು, ಲೆಕ್ಕದ ತಪ್ಪು

ಲೆಕ್ಕ ಬರೆಯುವವನಿಗೆ ದಯೆ ಇರಬಾರದೆಂದು ಯಾರೂ ಹೇಳಲಾರರು. ಆದರೆ ಆ ದಯೆ ಲೆಕ್ಕದ ಪುಸ್ತಕದೊಳಕ್ಕೆ ಇಳಿಯತಕ್ಕುದಲ್ಲ. ಇಷ್ಟು ಸಾಮಾನ್ಯವಾದ ನ್ಯಾಯವನ್ನು ವಿದ್ಯಾವಂತರೇ ಮರೆತುಬಿಡುವ ಪ್ರಸಂಗಗಳುಂಟು. ಅಮೆರಿಕಾ ದೇಶದ ಬೇಸ್‌ಬಾಲ್ ಎಂಬ ಚೆಂಡಾಟದ ಒಂದೇ ಒಂದು ಪಂದ್ಯದ ಲೆಕ್ಕಪಟ್ಟಿಯನ್ನು ಕುರಿತು ೨೦೧೦ನೆಯ ಇಸವಿಯಲ್ಲಿ ಎದ್ದ ವಿವಾದವು ಅಂತಹುದು. ಅದು ಆ ವರ್ಷಕ್ಕೇ ಮುಗಿಯಲಿಲ್ಲ. ೨೦೨೨ರಲ್ಲಿ ನ್ಯೂಜೆರ್ಸಿಯ ಮನ್‌ಮತ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆ ಪಟ್ಟಿಯನ್ನು ತಿದ್ದಬೇಕೆಂದು ಆಟದ ಅಧಿಕಾರಿಗಳಿಗೆ ಮತ್ತೆ ಬಿನ್ನವಿಸಿದರು. ಆಟವು ದೂರದೇಶದ್ದಾದರೂ ಪ್ರಶ್ನೆಯು ಎಲ್ಲ ದೇಶಗಳದು: ನಡೆದುದನ್ನು ಬರೆದಿಟ್ಟ ದಾಖಲೆಯನ್ನು, ನಡೆಯಬೇಕಾಗಿದ್ದುದಕ್ಕೆ ಹೊಂದುವಂತೆ ತಿದ್ದಬಹುದೇ?

ಕ್ರಿಕೆಟ್ಟಿನ ಸ್ಕೋರು ಪುಸ್ತಕವನ್ನು ಕಂಡಿರುವ ವಾಚಕರಿಗೆ ಬೇಸ್‌ಬಾಲಿನ ಪಟ್ಟಿ ತೀರ ಅಪರಿಚಿತವೆನಿಸದು. ಅವೆರಡೂ ಒಂದೇ ವಂಶದವು. ೧೮೨೪ರಲ್ಲಿ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಮೆರಿಕೆಗೆ ಹೋಗಿ ನೆಲೆಸಿದ ಹೆನ್ರಿ ಚಾಡ್‌ವಿಕ್ ಎಂಬ ಪತ್ರಿಕಾ ಲೇಖಕನು ಮೊದಲು ಕ್ರಿಕೆಟ್ ಪಂದ್ಯಗಳ ವರದಿಯನ್ನು ಬರೆಯುತ್ತಿದ್ದವನು. ಆ ಲೆಕ್ಕದ ಕ್ರಮವನ್ನು ಬೇಸ್‌ಬಾಲಿಗೆ ಅಳವಡಿಸಿ, 'ಬಾಕ್ಸ್ ಸ್ಕೋರ್' ಎಂಬ ಚೌಕಟ್ಟಿನ ಪಟ್ಟಿಯನ್ನು ನೆಲೆಗೊಳಿಸಿದವರಲ್ಲಿ ಅವನೇ ಪ್ರಮುಖನು. ಯಾರು ಎಷ್ಟು ಸಲ ದಾಂಡು ಹಿಡಿದರು, ಎಷ್ಟು ಹಿಟ್ ಹೊಡೆದರು, ಎಷ್ಟು ರನ್ ಗಳಿಸಿದರು, ಎಸೆತಗಾರನಾದ ಪಿಚರನು ಎಷ್ಟು ಮಂದಿಯನ್ನು ಎದುರಿಸಿದನು ಎಂಬುದೆಲ್ಲವೂ ಅಂಗೈಯಷ್ಟು ಜಾಗದಲ್ಲಿ ಅಡಗುವುವು.

ಈ ಪಟ್ಟಿಗೆ ಒಂದು ತಾಳೆಯ ನಿಯಮವುಂಟು. ದಾಂಡು ಹಿಡಿದು ಬಂದ ಪ್ರತಿಯೊಬ್ಬನೂ ಮೂರು ಗತಿಗಳಲ್ಲಿ ಒಂದನ್ನು ಹೊಂದಲೇಬೇಕು: ರನ್ ಗಳಿಸಿರಬೇಕು, ಔಟಾಗಿರಬೇಕು, ಇಲ್ಲವೆ ಇನ್ನಿಂಗ್ಸ್ ಮುಗಿದಾಗ ಬೇಸಿನ ಮೇಲೆ ಉಳಿದಿರಬೇಕು. ಈ ಮೂರನ್ನೂ ಕೂಡಿದರೆ ಬಂದವರ ಒಟ್ಟು ಸಂಖ್ಯೆಗೆ ಸರಿಹೋಗಬೇಕು. ಹೋಗದಿದ್ದರೆ ಪಟ್ಟಿ ತಪ್ಪು. ವರ್ತಕನು ಸಂಜೆ ಜಮಾ ಖರ್ಚನ್ನು ತಾಳೆ ನೋಡುವಂತೆ ಲೆಕ್ಕಗಾರನು ಇದನ್ನು ತಾಳೆ ನೋಡುವನು. ಈ ನಿಯಮವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದಿನ ವಾದಕ್ಕೆ ಅದು ಬೇಕಾಗುವುದು.

ಈಗ ಪ್ರಕೃತ ಪಂದ್ಯದ ಸಂಗತಿ. ೨೦೧೦ನೆಯ ಜೂನ್ ೨ರಂದು ಡೆಟ್ರಾಯ್ಟ್ ನಗರದ ಕೊಮೆರಿಕಾ ಪಾರ್ಕಿನಲ್ಲಿ ಡೆಟ್ರಾಯ್ಟ್ ಟೈಗರ್ಸ್ ತಂಡಕ್ಕೂ, ಆಗ ಇಂಡಿಯನ್ಸ್ ಎಂಬ ಹೆಸರಿದ್ದ ಕ್ಲೀವ್‌ಲ್ಯಾಂಡ್ ತಂಡಕ್ಕೂ ಪಂದ್ಯ ನಡೆಯಿತು. ಟೈಗರ್ಸ್ ಪರವಾಗಿ ಚೆಂಡೆಸೆದವನು ವೆನೆಜುವೆಲಾ ದೇಶದ ಅರ್ಮಾಂಡೊ ಗಲರಾಗ. ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಮೂರು ಮೂರರಂತೆ ೨೭ ಮಂದಿ ಔಟಾದರೆ ಒಂದು ತಂಡದ ಸರದಿ ತೀರುವುದು. ಇಪ್ಪತ್ತೇಳು ಮಂದಿಯಲ್ಲಿ ಒಬ್ಬನನ್ನಾದರೂ ಯಾವ ವಿಧದಿಂದಲೂ ಬೇಸಿಗೆ ಬಿಡದೆ ಮುಗಿಸಿದ ಪಂದ್ಯಕ್ಕೆ 'ಪರ್ಫೆಕ್ಟ್ ಗೇಮ್', ಅಂದರೆ ನಿರ್ದೋಷವಾದ ಆಟವೆಂದು ಹೆಸರು. ಉಚ್ಚ ವರ್ಗದ ಲೀಗುಗಳಲ್ಲಿ ಎರಡು ಲಕ್ಷಕ್ಕೂ ಮೀರಿದ ಪಂದ್ಯಗಳು ನಡೆದಿದ್ದರೂ ೧೮೮೦ರಿಂದ ೨೦೨೩ರ ವರೆಗೆ ಇಂತಹವು ೨೪ ಮಾತ್ರ. ಆ ದಿನ ಗಲರಾಗನು ೨೬ ಮಂದಿಯನ್ನು ಒಬ್ಬರಾದ ಮೇಲೊಬ್ಬರಂತೆ ಔಟ್ ಮಾಡಿದ್ದನು. ಇಪ್ಪತ್ತೇಳನೆಯವನು ಜೇಸನ್ ಡೊನಾಲ್ಡ್. ಅವನು ನೆಲದ ಮೇಲೆ ಹೊಡೆದ ಚೆಂಡನ್ನು ಮಿಗೆಲ್ ಕಾಬ್ರೆರಾ ಎತ್ತಿಕೊಂಡು, ಮೊದಲನೆಯ ಬೇಸಿಗೆ ಓಡಿಬಂದ ಗಲರಾಗನ ಕೈಗೆ ಎಸೆದನು. ಓಟಗಾರನು ಬೇಸನ್ನು ಮುಟ್ಟುವುದಕ್ಕೆ ಮೊದಲೇ ಚೆಂಡು ಗಲರಾಗನ ಕೈಯಲ್ಲಿದ್ದಿತು. ಆದರೆ ಅಲ್ಲಿದ್ದ ಅಂಪೈರ್ ಜಿಮ್ ಜಾಯ್ಸ್ ಎರಡು ತೋಳುಗಳನ್ನೂ ಚಾಚಿ, ಓಟಗಾರನು ಔಟಲ್ಲವೆಂದು ತೀರ್ಪು ಕೊಟ್ಟನು.

ಗಲರಾಗನು ಕೂಗಾಡಲಿಲ್ಲ, ಒಮ್ಮೆ ನಕ್ಕು ಹಿಂದಿರುಗಿ ತನ್ನ ಸ್ಥಾನದಲ್ಲಿ ನಿಂತು, ಮುಂದಿನವನಾದ ಟ್ರೆವರ್ ಕ್ರೋನನ್ನು ಔಟ್ ಮಾಡಿ ಆಟವನ್ನು ಮುಗಿಸಿದನು. ಟೈಗರ್ಸ್ ೩-೦ರಿಂದ ಗೆದ್ದಿತು. ಪಂದ್ಯವಾದ ಮೇಲೆ ಚಿತ್ರವನ್ನು ನೋಡಿದ ಜಾಯ್ಸನು ತಾನು ತಪ್ಪಿದೆನೆಂದು ಬಹಿರಂಗವಾಗಿ ಒಪ್ಪಿಕೊಂಡು ಗಲರಾಗನ ಕ್ಷಮೆ ಬೇಡಿದನು. ಮರುದಿನ ಅದೇ ಮೈದಾನದಲ್ಲಿ, ಆಟಗಾರರ ಹೆಸರುಗಳ ಚೀಟಿಯನ್ನು ಅಂಪೈರನ ಕೈಗೆ ಕೊಡಲು ಗಲರಾಗನೇ ಹೋದನು. ಜಾಯ್ಸನು ಕಣ್ಣೀರು ಒರಸಿಕೊಂಡನು. ಮಿಚಿಗನ್ ಸಂಸ್ಥಾನದ ಗವರ್ನರ್ ಆಗಿದ್ದ ಜೆನಿಫರ್ ಗ್ರಾನ್‌ಹೋಮ್ ಅವರು ಗಲರಾಗನು ನಿರ್ದೋಷ ಆಟವನ್ನೇ ಆಡಿದನೆಂದು ಘೋಷಣಾಪತ್ರ ಹೊರಡಿಸಿದರು. ಆಟದ ಮುಖ್ಯಾಧಿಕಾರಿಯಾಗಿದ್ದ ಬಡ್ ಸೆಲಿಗ್ ಅವರು ಮಾತ್ರ ತೀರ್ಪನ್ನು ಬದಲಾಯಿಸಲಿಲ್ಲ. ಪಟ್ಟಿಯು ಇಂದಿಗೂ ಹಾಗೆಯೇ ಇದೆ: ಗಲರಾಗನು ೯ ಇನ್ನಿಂಗ್ಸ್‌ಗಳಲ್ಲಿ ೮೮ ಚೆಂಡುಗಳನ್ನೆಸೆದು ೨೮ ಮಂದಿಯನ್ನು ಎದುರಿಸಿದನು, ಕೊಟ್ಟ ಹಿಟ್ ೧, ರನ್ ೦.

ಸೆಲಿಗ್ ಅವರು ಮಾಡಿದುದು ಸರಿ. ಅದು ತಪ್ಪೆನ್ನುವವರ ವಾದ ನಾಲ್ಕು ಬಗೆಯದು. ಒಂದನೆಯದು, ಚಿತ್ರದಲ್ಲಿ ಪ್ರತ್ಯಕ್ಷವಾಗಿ ಕಾಣುವ ಸತ್ಯಕ್ಕಿಂತ ಒಬ್ಬನ ಮಾತು ಹೆಚ್ಚಾಗಬಾರದು. ಎರಡನೆಯದು, ಆ ಮಾತನ್ನಾಡಿದವನೇ ಅದು ತಪ್ಪೆಂದು ಒಪ್ಪಿರುವಾಗ ಅದನ್ನು ಕಾಪಾಡುವುದು ಮೂರ್ಖತನ. ಮೂರನೆಯದು, ಹಿಂದೆಯೂ ಮೇಲಧಿಕಾರಿಗಳು ಅಂಪೈರರ ತೀರ್ಪನ್ನು ತಿರುಗಿಸಿದ್ದಾರೆ, ಹಳೆಯ ಅಂಕಿಗಳನ್ನು ತಿದ್ದಿದ್ದಾರೆ. ನಾಲ್ಕನೆಯದು, ಗೆದ್ದವರು ಹೇಗಿದ್ದರೂ ಗೆದ್ದರು. ತಿದ್ದುವುದರಿಂದ ಯಾರಿಗೂ ನಷ್ಟವಿಲ್ಲ, ಒಬ್ಬನಿಗೆ ನ್ಯಾಯ ದೊರೆಯುವುದು. ಮೇಲ್ನೋಟಕ್ಕೆ ಈ ವಾದಗಳು ಬಲವಾಗಿಯೇ ಕಾಣುವುವು. ಒಂದೊಂದನ್ನೂ ಪರೀಕ್ಷಿಸುವುದು ಯುಕ್ತ.

ಪ್ರತ್ಯಕ್ಷವು ಶಬ್ದಕ್ಕಿಂತ ಬಲವತ್ತರವೆಂಬುದನ್ನು ಯಾವ ತರ್ಕಶಾಸ್ತ್ರಿಯೂ ಅಲ್ಲಗಳೆಯನು. ಆದರೆ ಆ ಪ್ರತ್ಯಕ್ಷದಿಂದ ಸಿದ್ಧವಾದುದು ಏನು? ಜಾಯ್ಸನ ತೀರ್ಪು ತಪ್ಪೆಂಬುದು ಸಿದ್ಧವಾಯಿತು; ಜಾಯ್ಸನು ಅಂತಹ ತೀರ್ಪನ್ನು ಕೊಡಲಿಲ್ಲವೆಂಬುದು ಸಿದ್ಧವಾಗಲಿಲ್ಲ. ಲೆಕ್ಕಪಟ್ಟಿ ಹೇಳುವುದು ಎರಡನೆಯ ಸಂಗತಿಯನ್ನು. ಆಟದಲ್ಲಿ 'ಔಟ್' ಎಂಬುದು ಚೆಂಡಿನಲ್ಲಾಗಲಿ ಓಟಗಾರನ ಕಾಲಿನಲ್ಲಾಗಲಿ ಇರುವ ಗುಣವಲ್ಲ. ಅದು ನಿಯಮಾನುಸಾರವಾಗಿ ಅಂಪೈರನು ನೀಡುವ ನಿರ್ಣಯ. ಆ ನಿರ್ಣಯದ ಮೇಲೆಯೇ ಮುಂದಿನ ಆಟ ನಡೆಯುವುದು. ಅಂದು ಡೊನಾಲ್ಡನು ಬೇಸಿನ ಮೇಲೆ ನಿಂತನು, ಕ್ರೋನು ದಾಂಡು ಹಿಡಿದು ಬಂದನು, ಗಲರಾಗನು ಅವನಿಗೂ ಚೆಂಡೆಸೆದನು. ಇವೂ ಪ್ರತ್ಯಕ್ಷಗಳೇ. ಒಂದು ಪ್ರತ್ಯಕ್ಷವನ್ನು ಗೌರವಿಸುವ ಹೆಸರಿನಲ್ಲಿ ಮೂರನ್ನು ಅಳಿಸಹೊರಡುವುದು ಯಾವ ಪ್ರಮಾಣಶಾಸ್ತ್ರ?

ಇಲ್ಲಿ ತಾಳೆಯ ನಿಯಮವನ್ನು ಹಚ್ಚಿ ನೋಡಬೇಕು. ಕ್ಲೀವ್‌ಲ್ಯಾಂಡಿನ ಪರವಾಗಿ ದಾಂಡು ಹಿಡಿದವರು ೨೮. ಅವರಲ್ಲಿ ರನ್ ಗಳಿಸಿದವರು ೦, ಔಟಾದವರು ೨೭, ಬೇಸಿನ ಮೇಲೆ ಉಳಿದವನು ೧. ಲೆಕ್ಕ ಸರಿಹೋಯಿತು. ಈಗ ತಿದ್ದುಗಾರರ ಮಾತಿನಂತೆ ಡೊನಾಲ್ಡನನ್ನು ಔಟಾದವರ ಸಾಲಿಗೆ ಸೇರಿಸಿದರೆ ಔಟುಗಳು ೨೮ ಆಗುವುವು. ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಒಂದು ತಂಡದ ೨೮ ಔಟುಗಳೆಂಬುದು ಆ ಆಟದಲ್ಲಿ ಗಗನಕುಸುಮ. ಆದುದರಿಂದ ಕ್ರೋನ ಸರದಿಯನ್ನು ಪೂರ್ತಿಯಾಗಿ ಒರಸಬೇಕು. ನಾಲ್ಕು ಸಲ ದಾಂಡು ಹಿಡಿದ ಅವನನ್ನು ಮೂರು ಸಲ ಹಿಡಿದವನೆನ್ನಬೇಕು. ಅವನಿಗೆ ಎಸೆದ ಚೆಂಡುಗಳನ್ನು ೮೮ರಿಂದ ಕಳೆಯಬೇಕು. ಸಾವಿರಾರು ಮಂದಿ ಕಣ್ಣಾರೆ ಕಂಡುದನ್ನು ನಡೆಯಲೇ ಇಲ್ಲವೆನ್ನಬೇಕು. ಒಂದು ಸತ್ಯವನ್ನು ಸ್ಥಾಪಿಸಲು ಹೊರಟವರು ಇಷ್ಟು ಅಸತ್ಯಗಳನ್ನು ಸಾಲ ತರಬೇಕಾಯಿತು!

ಈ ತೊಡಕನ್ನು ಕಂಡ ಯಾರಾದರೂ ಒಂದು ನಡುದಾರಿಯನ್ನು ಹುಡುಕಿ, ಡೊನಾಲ್ಡನ ಹಿಟ್ಟನ್ನು ಮಾತ್ರ ಅಳಿಸಿ ಕ್ಷೇತ್ರಪಾಲಕರ ತಪ್ಪೆಂದು ಬರೆದರೆ ಸಾಕು ಎನ್ನಬಹುದು. ಆಗ ಆ ತಪ್ಪನ್ನು ಯಾರ ಹೆಸರಿಗೆ ಹಾಕುವುದು? ಕಾಬ್ರೆರಾ ಸರಿಯಾಗಿ ಎಸೆದನು, ಗಲರಾಗನು ಸರಿಯಾಗಿ ಹಿಡಿದನು. ಅಂಪೈರನ ತಪ್ಪನ್ನು ಬರೆಯುವುದಕ್ಕೆ ಪಟ್ಟಿಯಲ್ಲಿ ಅಂಕಣವಿಲ್ಲ. ನಿರಪರಾಧಿಯ ತಲೆಗೆ ಅಪರಾಧವನ್ನು ಕಟ್ಟಿ ಮತ್ತೊಬ್ಬನಿಗೆ ಉಪಕಾರ ಮಾಡುವುದು ನ್ಯಾಯವೆನಿಸದು.

ಎರಡನೆಯ ವಾದವು ಜಾಯ್ಸನ ಪಶ್ಚಾತ್ತಾಪವನ್ನು ಆಧಾರವಾಗಿ ಹಿಡಿಯುವುದು. ಅವನ ಪ್ರಾಮಾಣಿಕತೆ ಸ್ತುತ್ಯವಾದುದು. ತಪ್ಪಿದೆನೆಂದು ಲೋಕದ ಮುಂದೆ ಒಪ್ಪಿಕೊಳ್ಳುವ ಅಧಿಕಾರಿಗಳು ಎಲ್ಲ ಕಾಲಕ್ಕೂ ವಿರಳ. ಆದರೆ ತಪ್ಪೊಪ್ಪಿಗೆಯು ತಪ್ಪು ನಡೆಯಿತೆಂಬುದಕ್ಕೆ ಸಾಕ್ಷಿ. ನಡೆಯಲಿಲ್ಲವೆಂಬುದಕ್ಕೆ ಹೇಗೆ ಸಾಕ್ಷಿಯಾದೀತು? ಪಟ್ಟಿಯಿಂದ ಆ ತೀರ್ಪನ್ನು ಅಳಿಸಿದರೆ ಜಾಯ್ಸನು ಒಪ್ಪಿಕೊಂಡುದು ಯಾವುದನ್ನು, ಗಲರಾಗನು ಕ್ಷಮಿಸಿದುದು ಯಾವುದನ್ನು ಎಂಬುದೇ ಮುಂದಿನವರಿಗೆ ತಿಳಿಯದೆ ಹೋಗುವುದು.

ಮೂರನೆಯ ವಾದವೇ ಇವುಗಳಲ್ಲಿ ಗಟ್ಟಿಯಾದುದು. ಅದಕ್ಕೆ ಉತ್ತರ ಕೊಡುವ ಮೊದಲು ಒಂದು ಭೇದವನ್ನು ತಿಳಿಯಬೇಕು. ತಾಳೆಯೋಲೆಯ ಗ್ರಂಥವನ್ನು ಪರಿಷ್ಕರಿಸುವ ಪಂಡಿತನಿಗೆ ಎರಡು ಬಗೆಯ ದೋಷಗಳು ಎದುರಾಗುವುವು. ಲಿಪಿಕಾರನು ಒಂದು ಅಕ್ಷರವನ್ನು ಬಿಟ್ಟಿರುವನು, ಇಲ್ಲವೆ ಒಂದೇ ಪಂಕ್ತಿಯನ್ನು ಎರಡು ಸಲ ಬರೆದಿರುವನು. ಇದು ಕೈತಪ್ಪು, ಪ್ರತ್ಯಂತರಗಳೊಡನೆ ಹೋಲಿಸಿ ಪಂಡಿತನು ಇದನ್ನು ನಿರ್ದಾಕ್ಷಿಣ್ಯವಾಗಿ ತಿದ್ದುವನು. ಗ್ರಂಥಕರ್ತನೇ ವ್ಯಾಕರಣವನ್ನು ಮೀರಿ ಪ್ರಯೋಗಿಸಿದ್ದರೆ ಆ ಪ್ರಯೋಗವು ಎಷ್ಟು ಅಸಾಧುವಾದರೂ ಮೂಲದಲ್ಲಿ ಹಾಗೆಯೇ ನಿಲ್ಲುವುದು. ಪಂಡಿತನು ತನ್ನ ಅಭಿಪ್ರಾಯವನ್ನು ಟಿಪ್ಪಣಿಯಲ್ಲಿ ಬರೆಯುವನು. ಮೊದಲನೆಯದನ್ನು ತಿದ್ದದವನು ಸೋಮಾರಿ. ಎರಡನೆಯದನ್ನು ತಿದ್ದಿದವನು ಕೃತ್ರಿಮಿ. ಆಟದ ದಾಖಲೆಗೂ ಇದೇ ನ್ಯಾಯ. ಬರೆದವನ ತಪ್ಪು ಬೇರೆ, ಬರೆಯಲ್ಪಟ್ಟ ತೀರ್ಪಿನ ತಪ್ಪು ಬೇರೆ.

ಈ ಭೇದದ ಬೆಳಕಿನಲ್ಲಿ ಪೂರ್ವಪಕ್ಷದವರ ದೃಷ್ಟಾಂತಗಳನ್ನು ನೋಡಬಹುದು. ಚಿಕಾಗೋ ಕಬ್ಸ್ ತಂಡದ ಹ್ಯಾಕ್ ವಿಲ್ಸನ್ ಎಂಬ ಆಟಗಾರನು ೧೯೩೦ರಲ್ಲಿ ತನ್ನ ಹೊಡೆತಗಳಿಂದ ತಂಡಕ್ಕೆ ತಂದುಕೊಟ್ಟ ರನ್‌ಗಳು ೧೯೦ ಎಂದು ಬಹುಕಾಲ ಅಚ್ಚಾಗುತ್ತಿದ್ದಿತು. ಒಂದು ಪಂದ್ಯದಲ್ಲಿ ಅವನಿಗೆ ಸಲ್ಲಬೇಕಾದ ರನ್ನು ಬೇರೊಬ್ಬನ ಹೆಸರಿಗೆ ಹೋಗಿದ್ದುದನ್ನು ಸಂಶೋಧಕರು ತೋರಿಸಲು, ೧೯೯೯ರಲ್ಲಿ ಅದನ್ನು ೧೯೧ ಎಂದು ತಿದ್ದಲಾಯಿತು. ವಿಲ್ಸನನು ೧೯೪೮ರಲ್ಲಿಯೇ ತೀರಿಕೊಂಡಿದ್ದನು. ತಿದ್ದುಪಡಿಯಿಂದ ಅವನಿಗೆ ಆಗಬೇಕಾದುದೇನೂ ಇರಲಿಲ್ಲ. ಲೆಕ್ಕವು ಸರಿಯಾಗಬೇಕೆಂಬುದಷ್ಟೇ ಕಾರಣ. ಹಾಗೆ ತಿದ್ದಿದವರೂ ಅದೇ ಸೆಲಿಗ್ ಅವರು. ೧೯೯೯ರಲ್ಲಿ ತಿದ್ದಿದವರು ೨೦೧೦ರಲ್ಲಿ ತಿದ್ದಲಿಲ್ಲವೆಂಬುದು ಚಾಂಚಲ್ಯವಲ್ಲ. ಒಂದು ಲಿಪಿಕಾರನ ದೋಷ, ಇನ್ನೊಂದು ಮೂಲದ ದೋಷ.

ಇದಕ್ಕೆ ವಿರುದ್ಧವಾದ ಉದಾಹರಣೆ ಅದೇ ಡೆಟ್ರಾಯ್ಟ್ ತಂಡದ ಹಳೆಯ ವೀರನಾದ ಟೈ ಕಾಬನದು. ೧೯೧೦ರಲ್ಲಿ ಅವನ ಒಂದು ಪಂದ್ಯದ ಲೆಕ್ಕವನ್ನು ಎರಡು ಸಲ ಬರೆದುಕೊಂಡ ಕಾರಣ ಅವನ ಹೆಸರಿಗೆ ೨ ಹಿಟ್‌ಗಳು ಹೆಚ್ಚಾಗಿ ಸೇರಿದ್ದುವು. ೧೯೮೧ರಲ್ಲಿ ಒಂದು ಕ್ರೀಡಾಪತ್ರಿಕೆ ಇದನ್ನು ಪ್ರಕಟಿಸಿತು. ಆಗ ಮುಖ್ಯಾಧಿಕಾರಿಯಾಗಿದ್ದ ಬೋವಿ ಕುನ್ ಅವರು ತಿದ್ದಲು ಒಪ್ಪಲಿಲ್ಲ. ಇದು ನಿಸ್ಸಂದೇಹವಾಗಿ ಅನ್ಯಾಯ. ಅದರ ಫಲವೇನಾಯಿತು? ಕಾಬನ ಒಟ್ಟು ಹಿಟ್‌ಗಳಾದ ೪೧೯೧ನ್ನು ಪೀಟ್ ರೋಸ್ ಎಂಬವನು ದಾಟಿದನೆಂದು ೧೯೮೫ರ ಸೆಪ್ಟೆಂಬರ್ ೧೧ರಂದು ದೇಶವೇ ಉತ್ಸವ ಮಾಡಿತು. ನಿಜವಾದ ಸಂಖ್ಯೆ ೪೧೮೯ ಆಗಿದ್ದುದರಿಂದ ಮೂರು ದಿನಗಳ ಹಿಂದೆಯೇ, ಸೆಪ್ಟೆಂಬರ್ ೮ರಂದು, ಅವನು ಅದನ್ನು ದಾಟಿದ್ದನು. ಲಿಪಿಕಾರನು ಎರಡು ಸಲ ಬರೆದ ಪಂಕ್ತಿಯನ್ನು ಉಳಿಸಿಕೊಂಡರೆ ಹಬ್ಬದ ತಿಥಿಯೇ ತಪ್ಪಾಗುವುದು. ಆದುದರಿಂದ ಹಳೆಯದನ್ನು ಮುಟ್ಟಲೇಬಾರದೆಂಬ ಜಡವಾದ ಪಕ್ಷವೂ ಗ್ರಾಹ್ಯವಲ್ಲ.

ಇನ್ನು ೧೯೮೩ರ ದೃಷ್ಟಾಂತ. ಆ ವರ್ಷದ ಜುಲೈ ೨೪ರಂದು ಕ್ಯಾನ್ಸಸ್ ಸಿಟಿಯ ಜಾರ್ಜ್ ಬ್ರೆಟ್ಟನು ನ್ಯೂಯಾರ್ಕ್ ಯಾಂಕೀಸ್ ತಂಡದ ಮೇಲೆ ಹೊಡೆದ ಹೋಮ್ ರನ್ನನ್ನು, ಅವನ ದಾಂಡಿಗೆ ದೇವದಾರು ಮರದ ಅಂಟನ್ನು ಮಿತಿಮೀರಿ ಬಳಿದಿದೆಯೆಂಬ ಕಾರಣದಿಂದ ಅಂಪೈರರು ತಳ್ಳಿಹಾಕಿದರು. ಲೀಗಿನ ಅಧ್ಯಕ್ಷ ಲೀ ಮೆಕ್‌ಫೇಲ್ ಅವರು ಆ ತೀರ್ಪನ್ನು ತಿರುಗಿಸಿದರು. ಆದರೆ ಅಲ್ಲಿ ವಿವಾದವಿದ್ದುದು ನಿಯಮದ ಅರ್ಥದ ಮೇಲೆ. ಕಣ್ಣಿಗೆ ಕಂಡುದರ ಮೇಲೆ ಅಲ್ಲ. ಸೋತವರು ಕ್ರಮವಾಗಿ ಆಕ್ಷೇಪಣೆ ಸಲ್ಲಿಸಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ತೀರ್ಪನ್ನು ತಿರುಗಿಸಿದ ಮೇಲೆ ಆಗಸ್ಟ್ ೧೮ರಂದು ಎರಡು ತಂಡಗಳನ್ನೂ ಮತ್ತೆ ಮೈದಾನಕ್ಕೆ ಕರೆಸಿ, ನಿಂತಲ್ಲಿಂದ ಆಟವನ್ನು ಮುಂದುವರಿಸಿದರು. ಆಡಿಸಿ ಬರೆದರೇ ಹೊರತು, ಬರೆದು ಆಡಿಸಿದಂತೆ ತೋರಿಸಲಿಲ್ಲ.

ಹಾರ್ವಿ ಹ್ಯಾಡಿಕ್ಸನ ಪ್ರಸಂಗವನ್ನೂ ಕೆಲವರು ಎತ್ತಬಹುದು. ಪಿಟ್ಸ್‌ಬರ್ಗಿನ ಈ ಎಸೆತಗಾರನು ೧೯೫೯ರ ಮೇ ೨೬ರಂದು ೧೨ ಇನ್ನಿಂಗ್ಸ್ ವರೆಗೆ, ಅಂದರೆ ೩೬ ಮಂದಿಯನ್ನು, ಒಬ್ಬನನ್ನೂ ಬೇಸಿಗೆ ಬಿಡದೆ ಔಟ್ ಮಾಡಿ, ಹದಿಮೂರನೆಯದರಲ್ಲಿ ೧-೦ರಿಂದ ಸೋತನು. ೧೯೯೧ರಲ್ಲಿ ಒಂದು ಸಮಿತಿಯು, ಮುಗಿಯುವ ವರೆಗೂ ಹಿಟ್ ಇಲ್ಲದ ಪಂದ್ಯಗಳಿಗೆ ಮಾತ್ರ ಆ ಬಿರುದು ಸಲ್ಲುವುದೆಂದು ಲಕ್ಷಣ ಹೇಳಿ, ಅವನ ಪಂದ್ಯವನ್ನು ಬಿರುದಿನ ಸಾಲಿನಿಂದ ತೆಗೆಯಿತು. ಆದರೆ ಹ್ಯಾಡಿಕ್ಸನ ಲೆಕ್ಕಪಟ್ಟಿಯಲ್ಲಿ ಒಂದು ಅಂಕಿಯೂ ಬದಲಾಗಲಿಲ್ಲ. ಬಿರುದು ಕೊಡುವವರು ಕೊಡಲಿ, ಕಿತ್ತುಕೊಳ್ಳುವವರು ಕಿತ್ತುಕೊಳ್ಳಲಿ. ಅದು ಸಭೆಯ ಅಧಿಕಾರ. ನಡೆದ ಆಟದ ಲೆಕ್ಕವು ಸಭೆಯ ಅಧಿಕಾರಕ್ಕೆ ಒಳಪಟ್ಟುದಲ್ಲ.

ಕೊನೆಯದಾಗಿ, ತಿದ್ದಿದರೆ ಯಾರಿಗೂ ನಷ್ಟವಿಲ್ಲವೆಂಬ ವಾದ. ೧೯೭೨ರ ಸೆಪ್ಟೆಂಬರ್ ೨ರಂದು ಚಿಕಾಗೋ ಕಬ್ಸ್ ತಂಡದ ಮಿಲ್ಟ್ ಪಾಪಸನು ಗಲರಾಗನಂತೆಯೇ ೨೬ ಮಂದಿಯನ್ನು ಔಟ್ ಮಾಡಿದ್ದನು. ಇಪ್ಪತ್ತೇಳನೆಯವನಿಗೆ ಎಸೆದ ಕೊನೆಯ ಚೆಂಡು ಗಡಿಯೊಳಗೆ ಬರಲಿಲ್ಲವೆಂದು ಅಂಪೈರ್ ಬ್ರೂಸ್ ಫ್ರೋಮಿಂಗ್ ಹೇಳಲು, ನಿರ್ದೋಷ ಆಟವು ಅಲ್ಲಿಗೇ ಭಂಗವಾಯಿತು. ಪಾಪಸನು ಅದನ್ನು ಕೊನೆಯ ವರೆಗೂ ಒಪ್ಪಲಿಲ್ಲ. ಗಲರಾಗನಿಗೆ ಕೊಟ್ಟುದನ್ನು ಪಾಪಸನಿಗೆ ಏಕೆ ಕೊಡಬಾರದು? ಇದಕ್ಕಿಂತ ಕಠಿನವಾದ ಪ್ರಶ್ನೆ ಇನ್ನೊಂದಿದೆ. ೧೯೫೬ರ ಅಕ್ಟೋಬರ್ ೮ರಂದು ಡಾನ್ ಲಾರ್ಸೆನ್ನನು ವರ್ಲ್ಡ್ ಸೀರೀಸಿನಲ್ಲಿ ನಿರ್ದೋಷ ಆಟವಾಡಿ ಅಮರನಾದನು. ಆ ಪಂದ್ಯದ ಕಟ್ಟಕಡೆಯ ಚೆಂಡು ಎತ್ತರಕ್ಕೆ ಹೋಗಿದ್ದಿತು, ಅದನ್ನು ಅಂಪೈರನು ಸರಿಯೆನ್ನಬಾರದಾಗಿತ್ತು ಎಂದು ವಾದಿಸಿದವರುಂಟು. ಅದನ್ನೂ ಪರೀಕ್ಷಿಸಿ ಲಾರ್ಸೆನ್ನನ ಬಿರುದನ್ನು ಕಸಿದುಕೊಳ್ಳಲು ತಿದ್ದುಗಾರರು ಸಿದ್ಧರೇ? ಕೊಡುವ ತಿದ್ದುಪಡಿ ಬೇಕು, ಕಸಿಯುವ ತಿದ್ದುಪಡಿ ಬೇಡವೆಂದರೆ ಅದು ಸತ್ಯದ ಮೇಲಣ ಪ್ರೀತಿಯಲ್ಲ, ಒಬ್ಬ ವ್ಯಕ್ತಿಯ ಮೇಲಣ ಮರುಕ. ಚಿತ್ರ ಉಳಿದವನಿಗೆ ಒಂದು ನ್ಯಾಯ, ಚಿತ್ರವಿಲ್ಲದ ಕಾಲದವನಿಗೆ ಒಂದು ನ್ಯಾಯವೆಂಬ ಪಂಕ್ತಿಭೇದವೂ ಅದರಲ್ಲಿ ಸೇರಿದೆ.

ದಾಖಲೆಯು ನಂಬಿಕೆಗೆ ಅರ್ಹವಾಗಿ ಉಳಿಯುವುದರಿಂದ ನಿಜವಾಗಿ ನೊಂದವರಿಗೆ ಆಗುವ ಪ್ರಯೋಜನವೇನೆಂಬುದಕ್ಕೆ ಇತ್ತೀಚಿನ ಒಂದು ನಿದರ್ಶನವಿದೆ. ಕರಿಯ ಜನಾಂಗದ ಆಟಗಾರರನ್ನು ಅಮೆರಿಕದ ದೊಡ್ಡ ಲೀಗುಗಳು ೧೯೪೭ರಲ್ಲಿ ಜಾಕಿ ರಾಬಿನ್ಸನ್ ಬರುವ ವರೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಅವರು ತಮ್ಮದೇ ಆದ ನೀಗ್ರೋ ಲೀಗುಗಳಲ್ಲಿ ಆಡಿದರು. ಅವರಲ್ಲಿ ಅಗ್ರಗಣ್ಯನಾದ ಜಾಶ್ ಗಿಬ್ಸನ್ ರಾಬಿನ್ಸನನ ಪ್ರವೇಶಕ್ಕೆ ಕೆಲವೇ ತಿಂಗಳ ಮೊದಲು, ಅದೇ ವರ್ಷದ ಜನವರಿಯಲ್ಲಿ ಮರಣಹೊಂದಿದನು. ೧೯೨೦ರಿಂದ ೧೯೪೮ರ ವರೆಗಿನ ಆ ಲೀಗುಗಳೂ ಉಚ್ಚ ವರ್ಗದವೇ ಎಂದು ೨೦೨೦ರ ಡಿಸೆಂಬರಿನಲ್ಲಿ ಒಪ್ಪಿಕೊಂಡ ಆಡಳಿತವು, ೨೦೨೪ರ ಮೇ ತಿಂಗಳಲ್ಲಿ ಅವುಗಳ ಅಂಕಿಗಳನ್ನು ಅಧಿಕೃತ ದಾಖಲೆಗೆ ಸೇರಿಸಿತು. ಟೈ ಕಾಬನ .೩೬೭ನ್ನು ಹಿಂದಕ್ಕೆ ತಳ್ಳಿ ಗಿಬ್ಸನನ .೩೭೨ ಜೀವಮಾನದ ಸರಾಸರಿಗಳಲ್ಲಿ ಮೊದಲನೆಯದಾಯಿತು.

ಇದು ಮರುಕದಿಂದ ಆದ ಕಾರ್ಯವಲ್ಲ. ಗಿಬ್ಸನನ ಮೇಲೆ ಮರುಕವು ಅನೇಕರಿಗೆ ಅನೇಕ ವರ್ಷಗಳಿಂದಲೂ ಇದ್ದಿತು. ಮರುಕಕ್ಕೆ ಒಂದು ಹಿಟ್ಟನ್ನೂ ಕೊಡುವ ಶಕ್ತಿಯಿಲ್ಲ. ಸಂಶೋಧಕರು ಹಳೆಯ ವಾರ್ತಾಪತ್ರಿಕೆಗಳನ್ನು ಮಗುಚಿ, ಅಚ್ಚಾದ ಬಾಕ್ಸ್ ಸ್ಕೋರುಗಳನ್ನು ಒಂದೊಂದಾಗಿ ಆಯ್ದು, ತಾಳೆ ನೋಡಿ, ಕೂಡಿದರು. ಆ ಲೀಗುಗಳ ಲೆಕ್ಕದಲ್ಲಿ ಸಿಕ್ಕಿರುವುದು ಸುಮಾರು ಮುಕ್ಕಾಲು ಪಾಲು ಮಾತ್ರ. ಪಟ್ಟಿ ದೊರೆಯದ ಪಂದ್ಯಗಳನ್ನು ಊಹೆಯಿಂದ ತುಂಬಲಿಲ್ಲ. ಅಜ್ಞಾತನಾದ ಯಾವನೋ ಒಬ್ಬ ಲೆಕ್ಕಗಾರನು ಯಾವುದೋ ಒಂದು ಸಂಜೆ ಕಂಡುದನ್ನು ಕಂಡಂತೆ ಬರೆದಿದ್ದನೆಂಬ ನಂಬಿಕೆಯೊಂದೇ ಆ ಮಹಾಕಾರ್ಯದ ತಳಹದಿ. ಆ ಲೆಕ್ಕಗಾರನು ಸತ್ಪಾತ್ರರಿಗೆ ಒಂದೆರಡು ಹಿಟ್‌ಗಳನ್ನು ದಾನ ಮಾಡುವ ಸ್ವಭಾವದವನಾಗಿದ್ದರೆ ಗಿಬ್ಸನನ .೩೭೨ನ್ನು ಇಂದು ಯಾರು ನಂಬುತ್ತಿದ್ದರು? ಗಲರಾಗನಿಗೆ ದಾಖಲೆಯನ್ನು ತಿದ್ದಿಕೊಡುವವರು ಗಿಬ್ಸನನ ಸಿಂಹಾಸನದ ಕಾಲನ್ನೇ ಕುಯ್ಯುವರು.

ಹಾಗಾದರೆ ತಪ್ಪಿಗೆ ಪರಿಹಾರವೇ ಇಲ್ಲವೇ ಎಂದರೆ, ಉಂಟು. ಅದು ಆಟದ ನಿಯಮದಲ್ಲಿದೆ. ಅಂಪೈರರು ಚಿತ್ರವನ್ನು ನೋಡಿ ತೀರ್ಪನ್ನು ಪರಿಶೀಲಿಸುವ ಪದ್ಧತಿ ೨೦೦೮ರಿಂದ ಹೋಮ್ ರನ್ನುಗಳಿಗೆ ಮಾತ್ರ ಇದ್ದಿತು. ೨೦೧೪ರಲ್ಲಿ ಅದನ್ನು ಬೇಸಿನ ಬಳಿಯ ತೀರ್ಪುಗಳಿಗೂ ವಿಸ್ತರಿಸಿದರು. ಆಮೇಲೆ ಅಂತಹ ತಪ್ಪು ನಡೆದರೆ ಅಲ್ಲಿಯೇ, ಮುಂದಿನ ಚೆಂಡನ್ನು ಎಸೆಯುವ ಮೊದಲೇ ಸರಿಯಾಗುವುದು. ತೀರ್ಪನ್ನು ತೀರ್ಪಿನ ಕಾಲದಲ್ಲಿ ತಿದ್ದುವುದು ನ್ಯಾಯ. ಪುಸ್ತಕದಲ್ಲಿ ತಿದ್ದುವುದು ಕಪಟ. ೨೦೧೦ರ ಪಟ್ಟಿಯ ಕೆಳಗೆ, ಆ ದಿನದ ತೀರ್ಪು ತಪ್ಪಾಗಿದ್ದಿತೆಂದೂ ಅಂಪೈರನೇ ಅದನ್ನು ಒಪ್ಪಿದನೆಂದೂ ಟಿಪ್ಪಣಿ ಬರೆಯುವವರು ಬರೆಯಲಿ. ಟಿಪ್ಪಣಿ ಮೂಲವನ್ನು ಬೆಳಗಿಸುವುದೇ ಹೊರತು ಕೆಡಿಸುವುದಿಲ್ಲ.

ಗಲರಾಗನಿಗೆ ನಷ್ಟವಾಯಿತೆಂಬುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಪಟ್ಟಿಯನ್ನು ಓದಬಲ್ಲವನು ಅದರಲ್ಲಿ ಏನನ್ನು ಕಾಣುವನು? ನಿರ್ದೋಷ ಆಟವಾಡಿದ ಉಳಿದ ಎಸೆತಗಾರರು ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ೨೭ ಮಂದಿಯನ್ನು ಎದುರಿಸಿ ನಿಂತರು. ಇವನ ಎದುರಿಗೆ ೨೮ ಎಂದಿದೆ. ಕೈಗೆ ಬಂದ ಯಶಸ್ಸನ್ನು ಕಣ್ಣೆದುರಿಗೆ ಕಳೆದುಕೊಂಡ ಮೇಲೂ ಕೋಪದಿಂದ ಕೈಚೆಲ್ಲದೆ, ಇನ್ನೊಬ್ಬನನ್ನೂ ಔಟ್ ಮಾಡಿದವನ ಸಂಖ್ಯೆ ಅದು. ಅದನ್ನು ೨೭ ಎಂದು ತಿದ್ದುವವರು ಅವನಿಗೆ ಒಂದು ಬಿರುದನ್ನು ಕೊಟ್ಟು, ಆ ಇಪ್ಪತ್ತೆಂಟನೆಯವನ ಮುಂದೆ ಅವನು ತೋರಿದ ಧೃತಿಯನ್ನು ಕಸಿದುಕೊಳ್ಳುವರು.